ಅನ್‌ಕಂಫರ್ಟಬಲ್ ಎಂಬ ಮಾತಿನ ಹಿಂದೆ

ಹೋದ ವರ್ಷ ಜೂನ್‌ನಲ್ಲಿ ನನ್ನ ಅಣ್ಣನ ಮಗಳು ಧಾರವಾಡದಿಂದ ಡೊಂಬಿವಲಿಗೆ ಬಂದು ನಮ್ಮ ಮನೆಯಲ್ಲೇ ಉಳಿದಳು. ಐರೋಲಿಯ ಕಡೆ ಒಂದು ಕಂಪನಿಯಲ್ಲಿ ಮೊದಲ ನೌಕರಿ. ಬೆಳಿಗ್ಗೆ ಏಳೂವರೆಗೆ ಕಂಪನಿಯ ಗಾಡಿ ನಮ್ಮ ಸೊಸೈಟಿಯ ಗೇಟಿಗೇ ಬರುತ್ತಿತ್ತು. ಲೋಕಲ್ ರೈಲಿನಲ್ಲಿ ಮೂವತ್ತೈದು ವರ್ಷ ಜೋತಾಡಿ ನಿವೃತ್ತನಾದ ನನಗೆ ಅದೇ ದೊಡ್ಡ ಭಾಗ್ಯವೆಂದು ತೋರಿತ್ತು. ಎರಡನೆಯ ತಿಂಗಳು ಒಂದು ರಾತ್ರಿ ಊಟಕ್ಕೆ ಕೂತಾಗ ಹುಡುಗಿ ಅಂದಳು: "ಕಾಕಾ, ಆ ಗಾಡ್ಯಾಗ ಭಾಳ ಅನ್‌ಕಂಫರ್ಟಬಲ್ ಆಗ್ತದ."

"ಹಿಂದಿನ ಸೀಟಿನ್ಯಾಗ ಮೂರು ಮಂದಿ ಕೂತ್ರ ಆಗದ ಏನವಾ" ಅಂದೆ ನಾನು. ಮರುದಿನ ಫಡ್ಕೆ ರೋಡಿಗೆ ಹೋಗಿ ಆರುನೂರೈವತ್ತು ರೂಪಾಯಿ ಕೊಟ್ಟು ಬೆನ್ನಿಗೆ ಇಟ್ಟುಕೊಳ್ಳುವ ಒಂದು ದಿಂಬು ತಂದೆ. ಅವಳು ಅದನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು, "ಥ್ಯಾಂಕ್ಸ್ ಕಾಕಾ" ಅಂದಳು. ದಿನಾ ತಗೊಂಡೂ ಹೋದಳು.

ಮೂರು ವಾರದ ಮೇಲೆ ನನ್ನ ಹೆಂಡತಿಗೆ ವಿಷಯ ಗೊತ್ತಾಯಿತು. ಪಕ್ಕದಲ್ಲಿ ಕೂರುವ ಮನುಷ್ಯನ ಮೊಣಕಾಲು, ಕೈ, ಗಾಡಿ ತಿರುಗಿದಾಗಲೆಲ್ಲ ಅವನು ಮೇಲೆ ಒರಗುವುದು. ದಿಂಬನ್ನು ಅವಳು ಬೆನ್ನಿಗೆ ಇಟ್ಟುಕೊಂಡಿರಲಿಲ್ಲ, ನಡುವೆ ಇಟ್ಟುಕೊಂಡಿದ್ದಳು. "ಮೊದಲ ಯಾಕ ಹೇಳಲಿಲ್ಲ?" ಅಂತ ನನ್ನಾಕೆ ಕೇಳಿದರೆ ಹುಡುಗಿಗೆ ಸಿಟ್ಟೇ ಬಂತು. "ಹೇಳಿದ್ನಲ್ಲಾ ಕಾಕು, ಅನ್‌ಕಂಫರ್ಟಬಲ್ ಅಂತ!"

ಹೇಳಿದ್ದಳು, ನಿಜ. ನಾನೂ ಕೇಳಿದ್ದೆ, ಅದೂ ನಿಜ. ಒಂದೇ ಪದ, ಅವಳಿಗೆ ಒಂದು ಅರ್ಥ, ನನಗೆ ಇನ್ನೊಂದು. ಒಂದು ಪದಕ್ಕೆ ಕುರ್ಚಿಯ ಗಟ್ಟಿತನವೂ ಮನುಷ್ಯರ ನಡುವಿನ ಹಿಂಸೆಯೂ ಒಟ್ಟಿಗೆ ಹೇಗೆ ಅಂಟಿಕೊಂಡವು ಎಂದು ಆಮೇಲೆ ಬಹಳ ದಿನ ತಲೆ ಕೆಡಿಸಿಕೊಂಡೆ. ಹುಡುಕುತ್ತ ಹೋದಾಗ ಸಿಕ್ಕ ಚರಿತ್ರೆ ಇಲ್ಲಿದೆ. ತಪ್ಪು ಮಾಡಿದವನ ಓದು ಇದು, ಪಂಡಿತನದ್ದಲ್ಲ.

ಮೊದಲು ಪದದ ಬೇರು. ನಾನು ನೌಕರಿ ಮಾಡಿದ್ದು ಮುಂಬೈಯ ಫೋರ್ಟ್‌ನಲ್ಲಿ. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರೇರ್ ಕಾಲದಲ್ಲಿ ಕೋಟೆಯ ಗೋಡೆ ಕೆಡವಿದರು. ಹೆಸರು ಮಾತ್ರ ಉಳಿಯಿತು. ಆ ಫೋರ್ಟ್‌ಗೂ ಕಂಫರ್ಟ್‌ಗೂ ಬೇರು ಒಂದೇ: ಲ್ಯಾಟಿನ್ನಿನ 'ಫೋರ್ಟಿಸ್', ಬಲವಾದದ್ದು, ಗಟ್ಟಿಯಾದದ್ದು. ಅದಕ್ಕೆ 'ಕಾನ್' ಸೇರಿ 'ಕಾನ್‌ಫೋರ್ಟಾರೆ' ಆಯಿತು, ಅಂದರೆ ಚೆನ್ನಾಗಿ ಗಟ್ಟಿಮಾಡು. ಅಲ್ಲಿಂದ ಫ್ರೆಂಚ್ ದಾಟಿ 13ನೆಯ ಶತಮಾನದ ಹೊತ್ತಿಗೆ ಇಂಗ್ಲಿಷಿಗೆ ಬಂತು. ಮೆತ್ತೆ, ದಿಂಬು, ಬೆಚ್ಚನೆಯ ಕೋಣೆ ಇದ್ಯಾವುದೂ ಅದರ ಹತ್ತಿರ ಸುಳಿದಿರಲಿಲ್ಲ. ಲ್ಯಾಟಿನ್ ಬೈಬಲ್ಲಿನಲ್ಲಿ ಯೆಶಾಯನ ಪುಸ್ತಕದ ಒಂದು ಕಡೆ ಅಕ್ಕಸಾಲಿಗರು, ಕಮ್ಮಾರರು ಸೇರಿ ವಿಗ್ರಹ ಮಾಡುವ ಚಿತ್ರವಿದೆ. ವಿಗ್ರಹ ಅಲುಗದಂತೆ ಮೊಳೆ ಹೊಡೆಯುತ್ತಾರಲ್ಲ, ಆ ಕ್ರಿಯೆಗೂ ಅಲ್ಲಿ ಇದೇ ಪದ. 14ನೆಯ ಶತಮಾನದ ಕೊನೆಗೆ ವಿಕ್ಲಿಫ್‌ನ ಬಳಗ ಬೈಬಲ್ಲನ್ನು ಇಂಗ್ಲಿಷಿಗೆ ತಂದಾಗ ಆ ವಾಕ್ಯದಲ್ಲೇ ಕಂಫರ್ಟ್ ಬಂದು ಕೂತಿತು. ಮೊಳೆ ಹೊಡೆದು ಗಟ್ಟಿ ಮಾಡುವುದಕ್ಕೂ ಕಂಫರ್ಟ್ ಸಲ್ಲುತ್ತಿದ್ದ ಕಾಲ ಅದು.

ಈ ಹಳೆಯ ಅರ್ಥ ಪೂರಾ ಸತ್ತಿಲ್ಲ. 1351ರಲ್ಲಿ ಇಂಗ್ಲೆಂಡಿನ ಮೂರನೆಯ ಎಡ್ವರ್ಡನ ರಾಜದ್ರೋಹದ ಕಾನೂನು ಅರಸನ ಶತ್ರುಗಳಿಗೆ ನೆರವು ಮತ್ತು 'ಕಂಫರ್ಟ್' ಕೊಡುವುದನ್ನು ದ್ರೋಹ ಎಂದಿತು. ಅದೇ ಜೋಡಿ ಮಾತು 1787ರ ಅಮೆರಿಕದ ಸಂವಿಧಾನದಲ್ಲೂ ಇದೆ. ಶತ್ರುವಿಗೆ ಹಾಸಿಗೆ ಹಾಸಿಕೊಡುವ ವಿಷಯ ಅಲ್ಲ ಅದು, ಬಲ ಕೊಡುವ ವಿಷಯ. ನಮ್ಮ ಬ್ಯಾಂಕಿನವರಿಗೆ 'ಲೆಟರ್ ಆಫ್ ಕಂಫರ್ಟ್' ಗೊತ್ತು. ಗಿರಾಕಿಯ ಬೆನ್ನಿಗೆ ನಾವಿದ್ದೇವೆ ಎಂದು ಒಂದು ಬ್ಯಾಂಕು ಇನ್ನೊಂದಕ್ಕೆ ಬರೆದು ಕೊಡುವ ಕಾಗದ. 2018ರ ಮಾರ್ಚ್‌ನಲ್ಲಿ ದೊಡ್ಡ ಹಗರಣವೊಂದು ಬಯಲಾದ ಮೇಲೆ ಆಮದು ವ್ಯಾಪಾರದ ಸಾಲಕ್ಕೆ ಅಂಥ ಕಾಗದ ಕೊಡುವುದನ್ನು ರಿಸರ್ವ್ ಬ್ಯಾಂಕ್ ನಿಲ್ಲಿಸಿತು. ನೌಕರಿಯುದ್ದಕ್ಕೂ ನಾನು ಆ ಪದವನ್ನು ಟೈಪು ಮಾಡಿಸಿದ್ದೇನೆ, ಅದರೊಳಗೆ ಒಂದು ಕೋಟೆ ಕೂತಿದೆ ಎಂದು ಹೊಳೆದಿರಲಿಲ್ಲ.

ಬಲ ಕೊಡುವುದರಿಂದ ಧೈರ್ಯ ಹೇಳುವುದಕ್ಕೆ, ಅಲ್ಲಿಂದ ದುಃಖದಲ್ಲಿದ್ದವರನ್ನು ಸಂತೈಸುವುದಕ್ಕೆ ಪದ ಸರಿಯಿತು. ಇದು ಚರ್ಚಿನ ಅಂಗಳದಲ್ಲಿ ಆದದ್ದು. 16ನೆಯ ಶತಮಾನದ ನಡುವೆ ಕ್ರ್ಯಾನ್ಮರ್ ಸಿದ್ಧಪಡಿಸಿದ ಇಂಗ್ಲಿಷ್ ಪ್ರಾರ್ಥನಾ ಪುಸ್ತಕದಲ್ಲಿ ಪಾಪ ಒಪ್ಪಿಕೊಂಡವರಿಗೆ ಓದಿ ಹೇಳುವ ಕೆಲವು ವಚನಗಳಿವೆ, ಅವುಗಳ ಹೆಸರೇ 'ಕಂಫರ್ಟಬಲ್' ಮಾತುಗಳು. ಹಾಯಾದ ಮಾತು ಎಂದಲ್ಲ, ಕುಸಿದವನನ್ನು ಎತ್ತಿ ನಿಲ್ಲಿಸುವ ಮಾತು ಎಂದು. 1611ರ ಬೈಬಲ್ಲಿನಲ್ಲಿ ಪವಿತ್ರಾತ್ಮನಿಗೆ 'ಕಂಫರ್ಟರ್' ಎಂಬ ಹೆಸರು. ಆ ಜಾಗದಲ್ಲಿ ಈಗ ಬಳಕೆಯಲ್ಲಿರುವ ಒಂದು ಕನ್ನಡ ಬೈಬಲ್ 'ಸಹಾಯಕ' ಎನ್ನುತ್ತದೆ, ಇನ್ನೊಂದು 'ಆದರಿಕ' ಎನ್ನುತ್ತದೆ. 23ನೆಯ ಕೀರ್ತನೆಯಲ್ಲಿ ಕುರುಬನ ಕೋಲು ಕುರಿಗೆ ಕಂಫರ್ಟ್ ಕೊಡುತ್ತದೆ ಎಂದು ಇಂಗ್ಲಿಷಿನಲ್ಲಿ ಬರುವ ಕಡೆ ಕನ್ನಡದಲ್ಲಿ 'ಧೈರ್ಯ' ಎಂದಿದೆ. ಇಂಗ್ಲಿಷಿನವರು ಮರೆತ ಮೊದಲ ಅರ್ಥವನ್ನು ಕನ್ನಡದ ಅನುವಾದಕರು ಉಳಿಸಿದ್ದಾರೆ. ನನಗೆ ಇದು ಬಹಳ ಸೇರಿತು.

ಶೇಕ್ಸ್‌ಪಿಯರ್‌ನ 'ರೋಮಿಯೋ ಅಂಡ್ ಜೂಲಿಯೆಟ್'ನಲ್ಲಿ ಮದುವೆಯ ಬೆಳಿಗ್ಗೆ ಮಗಳು ಹೆಣವಾಗಿ ಬಿದ್ದಿರುವುದನ್ನು ಕಂಡ ತಂದೆ ಆ ಗಳಿಗೆಯನ್ನೇ 'ಅನ್‌ಕಂಫರ್ಟಬಲ್' ಎಂದು ಕರೆದು ಗೋಳಾಡುತ್ತಾನೆ. ಇವತ್ತಿನ ಕಿವಿಗೆ ನಗು ಬರಬೇಕು, ಮಗಳು ಸತ್ತ ಹೊತ್ತಿಗೆ ಇದೆಂಥ ಪದ ಎಂದು. ಆದರೆ ಅವನು ಹೇಳುತ್ತಿರುವುದು ಸಾಂತ್ವನವೇ ಇಲ್ಲದ ಕಾಲ ಎಂದು. ಗಮನಿಸಿ, ಆಗಿನ್ನೂ ಆ ಗುಣ ಕಾಲಕ್ಕೆ, ಸುದ್ದಿಗೆ, ಮಾತಿಗೆ ಸೇರಿದ್ದು. 'ನಾನು ಅನ್‌ಕಂಫರ್ಟಬಲ್ ಆಗಿದ್ದೇನೆ' ಎಂಬ ವಾಕ್ಯ ರೂಢಿಗೆ ಬರುವುದು 18ನೆಯ ಶತಮಾನದ ಕೊನೆಯ ಹೊತ್ತಿಗೆ. ಜಗತ್ತಿನ ಗುಣವಾಗಿದ್ದದ್ದು ನನ್ನ ಒಳಗಿನ ಅನಿಸಿಕೆಯಾಯಿತು. ನಮ್ಮ ಹುಡುಗಿಯ ವಾಕ್ಯ ಈ ತಿರುವಿನ ಆಚೆಗಿನದು.

ಆ ನಡುವೆ ಏನಾಯಿತು? ಮನೆ ಬದಲಾಯಿತು. ಇಂಗ್ಲೆಂಡಿನ ನಡುವರ್ಗದ ಕೈಯಲ್ಲಿ ದುಡ್ಡು ಬಂತು. ಹೊಗೆಯಿಲ್ಲದ ಒಲೆ, ಗಾಜಿನ ಕಿಟಕಿ, ಮೆತ್ತೆ ಹೊಲಿದ ಕುರ್ಚಿ, ಒಳ್ಳೆಯ ದೀಪ ಎಲ್ಲ ಬಂದವು. ಅಮೆರಿಕದಲ್ಲಿ ಬೆಂಜಮಿನ್ ಫ್ರ್ಯಾಂಕ್ಲಿನ್ 1744ರಲ್ಲಿ ತಾನು ರೂಪಿಸಿದ ಒಲೆಯ ಬಗ್ಗೆ ಒಂದು ಚಿಕ್ಕ ಪುಸ್ತಕವನ್ನೇ ಅಚ್ಚು ಹಾಕಿಸಿದ. ಚಳಿ ಎಂದರೆ ದೇವರು ಕೊಟ್ಟದ್ದು, ಅನುಭವಿಸಬೇಕು ಎಂದುಕೊಂಡಿದ್ದವರು ಅದು ಸರಿಪಡಿಸಬಹುದಾದ ತೊಂದರೆ ಎಂದುಕೊಳ್ಳಲು ಶುರುಮಾಡಿದರು. ಜಾನ್ ಕ್ರೌಲಿ ಎಂಬ ಇತಿಹಾಸಕಾರ 2001ರಲ್ಲಿ ಬರೆದ ಪುಸ್ತಕದ ಹೆಸರೇ 'ದಿ ಇನ್ವೆನ್ಷನ್ ಆಫ್ ಕಂಫರ್ಟ್'. ಮೈಯ ಸುಖ ಎಂಬುದು ಹುಟ್ಟಿನಿಂದ ಬಂದ ಬಯಕೆಯಲ್ಲ, ಕಲಿತದ್ದು ಎನ್ನುವುದು ಅವನ ವಾದ. ನಾನು ಪೂರ್ತಿ ಒಪ್ಪುವುದಿಲ್ಲ. ಚಳಿಯಾದರೆ ನಾಯಿಯೂ ಬೂದಿಗುಡ್ಡೆ ಹುಡುಕುತ್ತದೆ. ಆದರೆ ಅದಕ್ಕೊಂದು ಹೆಸರಿಟ್ಟು, ಇಷ್ಟಿದ್ದರೆ ಸಾಕು ಇಷ್ಟಿಲ್ಲದಿದ್ದರೆ ಕೊರತೆ ಎಂದು ಅಳತೆ ಮಾಡುವುದು ಕಲಿತದ್ದೇ ಇರಬೇಕು.

ಅಳತೆ ಬಂದಲ್ಲಿ ನೆರೆಯವರ ಕಣ್ಣೂ ಬರುತ್ತದೆ. ಮೈಯ ವಿಷಯವೂ ಮಂದಿಯ ವಿಷಯವೂ ಕೂಡಿಕೊಂಡದ್ದು ಇಲ್ಲಿ ಎಂದು ನನ್ನ ಎಣಿಕೆ. 18ನೆಯ ಶತಮಾನದ ನಡುವೆ ಜೋನಸ್ ಹ್ಯಾನ್ವೇ ಎಂಬ ವರ್ತಕ ಲಂಡನ್ನಿನ ಬೀದಿಯಲ್ಲಿ ಕೊಡೆ ಹಿಡಿದು ಓಡಾಡಿದ. ಕೊಡೆ ಗಂಡಸರಿಗೆ ಹೇಳಿದ್ದಲ್ಲ ಎಂಬ ಕಾಲ ಅದು. ಬಾಡಿಗೆ ಗಾಡಿಯವರು, ಮಳೆ ಬಂದರೆ ತಮ್ಮ ವ್ಯಾಪಾರ ಎಂದಿದ್ದವರು, ಅವನನ್ನು ಹಂಗಿಸಿದರು. ನೆನೆಯದೆ ನಗೆಪಾಟಲಾಗಬೇಕೋ, ನೆನೆದು ಮಾನ ಉಳಿಸಿಕೊಳ್ಳಬೇಕೋ? ಮೈ ಒಂದನ್ನು ಕೇಳಿತು, ಬೀದಿ ಇನ್ನೊಂದನ್ನು ಕೇಳಿತು. ಹ್ಯಾನ್ವೇ ಕೊಡೆ ಮಡಚಲಿಲ್ಲ.

ಇದಕ್ಕಿಂತ ಚೂಪಾಗಿ ಈ ಮಾತು ಬರುವುದು ಆಡಂ ಸ್ಮಿತ್‌ನ 'ವೆಲ್ತ್ ಆಫ್ ನೇಷನ್ಸ್'ನಲ್ಲಿ, 1776ರಲ್ಲಿ. ಅಗತ್ಯ ವಸ್ತು ಯಾವುದು, ಭೋಗದ ವಸ್ತು ಯಾವುದು ಎಂದು ತೆರಿಗೆಯ ಲೆಕ್ಕಕ್ಕಾಗಿ ಬೇರ್ಪಡಿಸುತ್ತ ಅವನು ಲಿನನ್ ಅಂಗಿಯ ಉದಾಹರಣೆ ಕೊಡುತ್ತಾನೆ. ಗ್ರೀಕರೂ ರೋಮನ್ನರೂ ಲಿನನ್ ಇಲ್ಲದೆಯೇ ಆರಾಮಾಗಿ ಬದುಕಿದ್ದರು. ಇಲ್ಲಿ ಅವನು ಬಳಸುವುದು 'ಕಂಫರ್ಟಬ್ಲಿ' ಎಂಬ ಪದವನ್ನೇ. ಆದರೆ ಈಗಿನ ಯುರೋಪಿನಲ್ಲಿ ಮರ್ಯಾದಸ್ಥ ಕೂಲಿಯವನೂ ಲಿನನ್ ಅಂಗಿಯಿಲ್ಲದೆ ನಾಲ್ಕು ಜನರ ಮುಂದೆ ಬರಲು ನಾಚುತ್ತಾನೆ, ಆದ್ದರಿಂದ ಅದೂ ಅಗತ್ಯವೇ ಎನ್ನುತ್ತಾನೆ. ಒಂದೇ ಅಂಗಿ; ಮೈಗೆ ಬೇಡ, ಮಂದಿಗೆ ಬೇಕು. ನಮ್ಮ ಊರಿನಿಂದ ಮುಂಬೈಗೆ ಬಂದು ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತ ರಾತ್ರಿಶಾಲೆಗೆ ಹೋದ ಹಿರಿಯರನ್ನು ಕೇಳಿದರೆ, ಇದ್ದ ಒಂದೇ ಅಂಗಿಯನ್ನು ರಾತ್ರಿ ಒಗೆದು ಬೆಳಿಗ್ಗೆ ಹಸಿಯಾಗಿಯೇ ತೊಟ್ಟ ಕಥೆ ಹೇಳುತ್ತಾರೆ. ಹಸಿ ಅಂಗಿ ಮೈಗೆ ಹಿಂಸೆ, ಕೊಳೆ ಅಂಗಿ ಮನಸ್ಸಿಗೆ. ಅವರು ಯಾವುದನ್ನು ಆರಿಸಿಕೊಂಡರು ನೋಡಿ.

ಜೇನ್ ಆಸ್ಟಿನ್‌ಳ 'ಎಮ್ಮಾ' ಕಾದಂಬರಿಯ ಮೊದಲ ವಾಕ್ಯದಲ್ಲೇ ನಾಯಕಿಯ ಮನೆಯನ್ನು ಕಂಫರ್ಟಬಲ್ ಎಂದಿದೆ. 1815ರ ಕೊನೆಗೆ ಬಂದ ಪುಸ್ತಕ. ಆ ಮನೆಯಲ್ಲಿ ಅಪ್ಪ, ಮಿಸ್ಟರ್ ವುಡ್‌ಹೌಸ್, ಕಿಟಕಿಯ ಸಂದಿಯ ಗಾಳಿಗೆ, ಮದುವೆಯ ಕೇಕಿಗೆ, ಒದ್ದೆ ನೆಲಕ್ಕೆ ಹೆದರಿ ಕೂತವನು. ಮಗಳ ಕಷ್ಟಗಳು ಬೇರೆ ಥರದವು: ಯಾರ ಮುಂದೆ ಏನು ಆಡಿದೆ, ಗುಡ್ಡದ ಮೇಲಿನ ವಿಹಾರದಲ್ಲಿ ಬಡ ಮುದುಕನ್ಯೆಯೊಬ್ಬಳನ್ನು ಎಲ್ಲರೆದುರು ಹಂಗಿಸಿ ಆಮೇಲೆ ಮುಖ ಎಲ್ಲಿಡಲಿ ಎಂಬಂಥವು. ಅಪ್ಪನಿಗೆ ಮಗಳ ಸಂಕಟ ಗೊತ್ತೇ ಆಗುವುದಿಲ್ಲ. ಶಾಲು ಹೊದ್ದುಕೋ ಎನ್ನುತ್ತಾನೆ ಅಷ್ಟೆ. ಕಾಲೇಜಿನಲ್ಲಿ ಇದನ್ನು ಓದುವಾಗ ಆ ಮುದುಕನನ್ನು ಕಂಡು ನಕ್ಕಿದ್ದೆ. ದಿಂಬು ತಂದ ಮೇಲೆ ನಗಲಾರೆ.

20ನೆಯ ಶತಮಾನದಲ್ಲಿ ಈ ಪದ ಎಂಜಿನಿಯರುಗಳ ಕೈಗೆ ಹೋಯಿತು. ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ 1923ರ ಹೊತ್ತಿಗೆ ಜನರನ್ನು ಕೋಣೆಗಳಲ್ಲಿ ಕೂರಿಸಿ, ಎಷ್ಟು ಶಾಖ, ಎಷ್ಟು ತೇವ ಇದ್ದರೆ ಹಿತ ಎಂದು ಕೇಳಿ ಗೆರೆ ಎಳೆದರು. ಆ ಗೆರೆಗಳ ನಡುವಿನ ಜಾಗ 'ಕಂಫರ್ಟ್ ಝೋನ್'. ಇವತ್ತು ವ್ಯಕ್ತಿತ್ವ ವಿಕಸನದ ಭಾಷಣಕಾರರು ಅದರಿಂದ ಹೊರಗೆ ಬನ್ನಿ ಹೊರಗೆ ಬನ್ನಿ ಎಂದು ಕೂಗುತ್ತಾರಲ್ಲ, ಅದು ಏಸಿ ಕೆಲಸದವರ ನಕ್ಷೆಯಲ್ಲಿದ್ದ ಮಾತು. ಆ ವಿದ್ಯೆಯ ಅಮೆರಿಕನ್ ಸಂಘದ ಮಾನದಂಡ ಶಾಖದ ಹಿತ ಎಂದರೆ ಮನಸ್ಸಿನ ಒಂದು ಸ್ಥಿತಿ ಎಂದೇ ಹೇಳುತ್ತದೆ. ಆದರೆ ಲೆಕ್ಕಕ್ಕೆ ಹಿಡಿದ ಮೈ ಯಾರದು? 2015ರಲ್ಲಿ ನೆದರ್ಲೆಂಡ್ಸಿನ ಇಬ್ಬರು ಸಂಶೋಧಕರು, ಕಚೇರಿಗಳ ಶಾಖದ ಸೂತ್ರದಲ್ಲಿ ಕೂತಿರುವುದು ನಲವತ್ತು ವರ್ಷದ, 70 ಕಿಲೋ ತೂಕದ ಗಂಡಸಿನ ಮೈಶಾಖ ಎಂದು ತೋರಿಸಿದರು. ನಮ್ಮ ಹುಡುಗಿ ಮುಂಬೈಯ ಮೇ ತಿಂಗಳ ಬಿಸಿಲಿನಲ್ಲೂ ಆಫೀಸಿಗೆ ಸ್ವೆಟರ್ ಒಯ್ಯುತ್ತಾಳೆ. ಗಾಡಿಯ ಸೀಟೂ ಅಷ್ಟೇ, ಆಫೀಸಿನ ಗಾಳಿಯೂ ಅಷ್ಟೇ.

ಪದ ಮೆತ್ತಗಾದಷ್ಟೂ ಅದರಡಿ ಏನನ್ನು ಬೇಕಾದರೂ ಮುಚ್ಚಿಡಬಹುದು. ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ ಜಪಾನಿನ ಸೈನ್ಯ ಕೊರಿಯಾ ಮುಂತಾದ ದೇಶಗಳ ಹೆಣ್ಣುಮಕ್ಕಳನ್ನು ಸೈನಿಕರಿಗಾಗಿ ಕೂಡಿಹಾಕಿತು. ಅವರಿಗೆ ಕೊಟ್ಟ ಜಪಾನೀ ಹೆಸರು 'ಇಆನ್‌ಫು', ಅದರೊಳಗಿನ 'ಇಆನ್' ಎಂದರೆ ಸಾಂತ್ವನ. ಇಂಗ್ಲಿಷಿನಲ್ಲಿ 'ಕಂಫರ್ಟ್ ವಿಮೆನ್' ಆಯಿತು. ಕಿಮ್ ಹಾಕ್‌ಸುನ್ ಎಂಬ ಮುದುಕಿ 1991ರ ಆಗಸ್ಟ್ 14ರಂದು ಸೋಲ್ ನಗರದಲ್ಲಿ ತನ್ನ ಹೆಸರು ಹೇಳಿ, ಮುಖ ತೋರಿಸಿ ಮಾತಾಡುವವರೆಗೆ ಆ ಪದದ ಕೆಳಗೆ ಏನಿತ್ತು ಎಂದು ಲೋಕ ಹೆಚ್ಚು ಕೇಳಲಿಲ್ಲ.

ಇನ್ನು ನಮ್ಮ ಪದಗಳು. ಹುಡುಗಿ ಕನ್ನಡದಲ್ಲೇ ಹೇಳಿದ್ದರೆ ನನಗೆ ತಿಳಿಯುತ್ತಿತ್ತೇ? ಆರಾಮ ಎಂಬುದು ನಮ್ಮ ಕಡೆ ಕುಶಲ ಕೇಳುವ ಮಾತು, ಪಾರಸಿಯಿಂದ ಬಂದದ್ದು. "ಆರಾಮ ಅದೀರಿ?" ಎಂದರೆ ಹೇಗಿದ್ದೀರಿ ಎಂದು. "ಆರಾಮ ಇಲ್ಲ" ಎಂದರೆ ಜ್ವರ ಬಂದಿದೆ ಎಂದು. ಇಂಗ್ಲಿಷಿನ 'ಡಿಸೀಸ್' ಕೂಡ ಮೂಲದಲ್ಲಿ ಬರೀ ಆರಾಮ ಇಲ್ಲದಿರುವುದೇ. ಗಾಡಿಯಲ್ಲಿ ಆರಾಮ ಇಲ್ಲ ಎಂದಿದ್ದರೆ ನಾನು ದಿಂಬಿನ ಬದಲು ಗುಳಿಗೆ ತರುತ್ತಿದ್ದೆನೋ ಏನೋ. ಸುಖ, ದುಃಖಗಳಿಗೆ ಬಂಡಿಯ ನಂಟು ಹೇಳುವ ಪಂಡಿತರಿದ್ದಾರೆ: 'ಖ' ಎಂದರೆ ಗಾಲಿಯ ನಡುವಿನ ತೂತು, ಅಚ್ಚು ಸರಿಯಾಗಿ ಕೂತರೆ ಸುಖ, ಇಲ್ಲದಿದ್ದರೆ ಕುಲುಕಾಟ, ದುಃಖ. ಬೇರೆ ವ್ಯುತ್ಪತ್ತಿ ಹೇಳುವವರೂ ಇದ್ದಾರೆ. ನನಗೆ ಬಂಡಿಯದೇ ಇಷ್ಟ.

ಸಂಕೋಚವೂ ಇಂಗ್ಲಿಷ್ ಪದದ ದಾರಿಯಲ್ಲೇ ನಡೆದು ಬಂದದ್ದು. ಮೊದಲು ಅದು ಕುಗ್ಗುವುದು, ಮುದುಡುವುದು, ಮೈಯ ಕೆಲಸ. ಆಮೇಲೆ ಮನಸ್ಸಿನದು. ಆದರೆ ಸಂಕೋಚ, ನಾಚಿಕೆ, ದಾಕ್ಷಿಣ್ಯ, ಮುಜುಗರ ಯಾವುದನ್ನು ಹೇಳಿದರೂ ಅದು ಹೇಳುವವಳ ಗುಣವಾಗುತ್ತದೆ. ಹೆಣ್ಣುಮಕ್ಕಳಿಗಂತೂ ಸಂಕೋಚ ಇರಲೇಬೇಕಾದದ್ದು ಎಂದೇ ಲೆಕ್ಕ. "ಅವನ ಹತ್ರ ಕೂಡೂದಕ್ಕ ಸಂಕೋಚ ಆಗ್ತದ" ಎಂದಿದ್ದರೆ, "ಹೊಸ ಊರು, ರೂಢಿ ಆಗ್ತದ ಬಿಡವಾ" ಎಂದು ನಾನೇ ಹೇಳುತ್ತಿದ್ದೆ. ಅನ್‌ಕಂಫರ್ಟಬಲ್ ಎಂದಾಗ ತಪ್ಪು ತನ್ನದಲ್ಲ, ಆ ಜಾಗದ್ದು ಎಂದು ಹೇಳಿದಂತಾಯಿತು. ಬಿಡಿಸಿ ಹೇಳುವ ಹಿಂಸೆಯೂ ತಪ್ಪಿತು. ಅದಕ್ಕೇ ಅವಳು ಆ ಪದ ಹಿಡಿದದ್ದು. ಹಾಗೆ ಬಿಡಿಸದೆ ಹೇಳಿದ್ದರಿಂದಲೇ ಅದು ನನಗೆ ತಲುಪದೆ ಹೋಯಿತು.

ಮುಟ್ಟಿದರೆ ಎಲೆ ಮಡಚುವ ಗಿಡವಿದೆಯಲ್ಲ, ಅಮೆರಿಕ ಖಂಡದಿಂದ ಬಂದು ನಮ್ಮ ಹಾದಿಬದಿಯಲ್ಲೆಲ್ಲ ಹಬ್ಬಿದ್ದು. ಅದರ ಲ್ಯಾಟಿನ್ ಹೆಸರಿನಲ್ಲಿ 'ಪುಡಿಕಾ', ಅಂದರೆ ನಾಚುವವಳು. ಮರಾಠಿಯಲ್ಲಿ 'ಲಾಜಾಳೂ', ನಮ್ಮ ಕರಾವಳಿಯಲ್ಲಿ 'ನಾಚಿಕೆಮುಳ್ಳು'. ಎಲ್ಲರೂ ಆ ಗಿಡ ನಾಚಿತು ಎಂದರು. ಕನ್ನಡದಲ್ಲಿ ಅದಕ್ಕೆ ಇನ್ನೊಂದು ಹೆಸರಿದೆ, 'ಮುಟ್ಟಿದರೆ ಮುನಿ'. ಮುಟ್ಟಿದರೆ ಅದಕ್ಕೆ ಸಿಟ್ಟು ಬರುತ್ತದೆ ಎಂದು ಕಂಡ ಯಾರೋ ಇಟ್ಟದ್ದು ಅದು.

ಹುಡುಗಿ ಕಂಪನಿಯ ಸಮಿತಿಗೆ ದೂರು ಬರೆದಳು. 1997ರ ವಿಶಾಖಾ ತೀರ್ಪಿನಿಂದ ಹಿಡಿದು 2013ರ ಕಾನೂನಿನವರೆಗೆ ಈ ವಿಷಯದಲ್ಲಿ ಬರುವ ಪದ 'ಅನ್‌ವೆಲ್ಕಮ್', ಬೇಡವಾದದ್ದು. ಅನ್‌ಕಂಫರ್ಟಬಲ್ ಅಲ್ಲ. ಅವಳ ಮೊದಲ ಕರಡಿನಲ್ಲಿ ಅನ್‌ಕಂಫರ್ಟಬಲ್ ಐದು ಸಲ ಇತ್ತು. ನನ್ನ ಹೆಂಡತಿ ಪಕ್ಕದಲ್ಲಿ ಕೂತು ಒಂದೊಂದಕ್ಕೂ "ಅಂದ್ರ ಏನು ಮಾಡಿದಾ, ಬರಿ" ಎಂದಳು. ರಾತ್ರಿ ಹನ್ನೊಂದರ ಹೊತ್ತಿಗೆ ತಾರೀಕು, ಹೊತ್ತು, ಬಲಗೈ, ಎಡ ಮೊಣಕಾಲು, ಪಾಮ್ ಬೀಚ್ ರಸ್ತೆಯ ತಿರುವು ಎಲ್ಲ ಕಾಗದಕ್ಕೆ ಬಂದಿತ್ತು. ನಾನು ಅಡುಗೆಮನೆಯಲ್ಲಿ ಚಹಾ ಮಾಡಿದೆ, ಎರಡು ಸಲ. ಬ್ಯಾಂಕಿನಲ್ಲಿ ಅಷ್ಟು ವರ್ಷ ಕಾಗದ ಬರೆದವನು ಎಂದು ನನ್ನನ್ನು ಯಾರೂ ಕರೆಯಲಿಲ್ಲ.

ಆ ಮನುಷ್ಯನನ್ನು ಬೇರೆ ಗಾಡಿಗೆ ಹಾಕಿದರು, ವಿಚಾರಣೆ ಇನ್ನೂ ನಡೆದಿದೆ. ಹುಡುಗಿ ಗಾಡಿ ಬಿಟ್ಟು ಈಗ ರೈಲಿನ ಲೇಡೀಸ್ ಡಬ್ಬಿಯಲ್ಲಿ ಠಾಣೆಗೆ ಹೋಗಿ ಅಲ್ಲಿಂದ ಗಾಡಿ ಬದಲಿಸುತ್ತಾಳೆ. ಕಾಲಿಡಲು ಜಾಗವಿರುವುದಿಲ್ಲ, ಯಾರದೋ ಬುಟ್ಟಿ ಸೊಂಟಕ್ಕೆ ಚುಚ್ಚುತ್ತದೆ, ಆದರೆ ಆರಾಮ ಅದ ಕಾಕಾ ಎನ್ನುತ್ತಾಳೆ. ದಿಂಬು ನನ್ನ ಆರಾಮಕುರ್ಚಿಯಲ್ಲಿದೆ. ಇದನ್ನು ಬರೆಯುವಾಗಲೂ ಬೆನ್ನಿಗೆ ಅದೇ ಇತ್ತು.